ನನ್ನ ಬಾಲ್ಯಕ್ಕೆ ಅಮ್ಮನ ಸಾಕ್ಷಿ

ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವುದು ಹೋದ ವರ್ಷವೇ ಗೊತ್ತಾಗಿತ್ತು, ಸ್ನೇಹಿತರೇ. ಐವತ್ತರ ಹೊಸ್ತಿಲಲ್ಲಿ ಒಂದೇ ಭಾಗ್ಯ ಸಾಲದು ಎಂಬಂತೆ, ಆಟಿಸಂ ಕೂಡ ಇದೆಯೇ ನೋಡೋಣ, ಬಾಲ್ಯ ಬಲ್ಲವರನ್ನು ಕರೆತನ್ನಿ ಎಂದರು ಡಾಕ್ಟರು. ಇವತ್ತು ನಮ್ಮೂರು ಕುಬಟೂರಿನಿಂದ ಅಮ್ಮ ಆಸ್ಪತ್ರೆಗೆ ರೇಷ್ಮೆ ಸೀರೆ ಉಟ್ಟೇ ಬಂದರು.

“ಚಿಕ್ಕವಳಿದ್ದಾಗ ಹಟ, ಒಬ್ಬಳೇ ಇರೋದು, ಏನಾದರೂ ಇತ್ತಾ?” ಎಂದು ಡಾಕ್ಟರು ಕೇಳಿದರು.

“ಎಂಥದೂ ಇಲ್ರೀ. ಎಲ್ಲರ ಜೊತೆ ಹೊಂದ್ಕೊಂಡು ಹೋಗ್ತಾಳೆ. ಹಾಕಿದ್ದು ಉಣ್ತಾಳೆ.”

ವಾರಕ್ಕೊಂದು ಛತ್ರಿ ಕಳೆದುಕೊಂಡು ಬರುತ್ತಿದ್ದ ನಾನು, ಊಟದ ತಟ್ಟೆ ಬದಲಾದರೆ ಮಾತ್ರ ಉಪವಾಸ ಕೂರುತ್ತಿದ್ದೆ. ನೆಂಟರು ಬಂದರೆ ಭತ್ತದ ಚೀಲಗಳ ಹಿಂದೆ ಅಡಗುತ್ತಿದ್ದೆ. ನಾನು ಹೊಂದಿಕೊಂಡು ಹೋದದ್ದು ಆ ಚೀಲಗಳ ಜೊತೆ.

ಪಕ್ಕದಲ್ಲೇ ಕೂತಿದ್ದ, ಶಿಕಾರಿಪುರದವರಾದ ನಮ್ಮ ಯಜಮಾನರು ಮೆಲ್ಲಗೆ ಬಾಯಿಬಿಟ್ಟರು. “ಡಾಕ್ಟ್ರೇ, ತೊಂಬತ್ತೇಳರಾಗ ಹೆಣ್ಣು ನೋಡಕ್ಕೆ ಹೋದಾಗ ನನಗೂ ಅತ್ತೆ ಇದನ್ನೇ ಹೇಳಿದ್ರು ನೋಡ್ರಿ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಮ್ಮಾ, ಇಲ್ಲಿ ಯಾರೂ ಹೆಣ್ಣು ಕೇಳೋಕೆ ಬಂದಿಲ್ಲ. ಇದ್ದದ್ದು ಹೇಳಿ, ಮಗಳಿಗೇ ಅನುಕೂಲ.”

ಅಮ್ಮ ನನ್ನನ್ನು ನೋಡಿದರು, ಅಳಿಯನನ್ನು ನೋಡಿದರು.

“ಹೇಳ್ತೀನ್ರೀ. ಮೊದ್ಲು ಅಳಿಯಂದಿರನ್ನ ಸ್ವಲ್ಪ ಹೊರಗೆ ಕೂರ್ಸಿ.”

ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಆದರೂ ಸಂಬಂಧ ತಪ್ಪಿಹೋಗಬಾರದಲ್ಲ!