ಗೋಲ್‌ಕೀಪರನ ಎಡಗೈ

ಕತಾರಿನ ಅಲ್ ವುಕೈರ್‌ನಲ್ಲಿ ನನ್ನ ಮಗಳ ಮನೆಯಿರುವ ಕಟ್ಟಡದಲ್ಲೇ, ನಮಗಿಂತ ಒಂದು ಮಹಡಿ ಕೆಳಗೆ, ಕೊರಿಯಾದ ಗೋಲ್‌ಕೀಪರನೊಬ್ಬ ವಾಸವಾಗಿದ್ದ. ಇಲ್ಲಿಯ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಆಡುತ್ತಿದ್ದ. ನಮ್ಮಂತೆಯೇ ಕಥೋಲಿಕ. ಮಗಳು ನರ್ಸ್, ಇಲ್ಲಿ ವಾರದ ರಜೆಯೂ ಬಲಿಪೂಜೆಯೂ ಇರುವ ಶುಕ್ರವಾರವೂ ಅವಳಿಗೆ ಪಾಳಿ ಬೀಳುವುದುಂಟು. ಆದ್ದರಿಂದ ನನ್ನನ್ನು ಬಲಿಪೂಜೆಗೆ ಕರೆದೊಯ್ಯುವ ಹೊಣೆಯನ್ನು ಆ ಹುಡುಗ ತಾನಾಗಿಯೇ ವಹಿಸಿಕೊಂಡಿದ್ದ. ಹುಡುಗ ಎನ್ನುತ್ತೇನೆ, ಆಟದ ಲೆಕ್ಕದಲ್ಲಿ ಅವನಿಗೆ ಆಗಲೇ ಮುಪ್ಪು ಬಂದಿತ್ತು.

ನನ್ನನ್ನು ಅವನು 'ಹರಬೊಜಿ' ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಅಜ್ಜ ಎಂದು ಅರ್ಥ. ನಮ್ಮ ಮಾತುಕತೆ ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಈ ನೆಲದ ಅರಬ್ಬಿಯಲ್ಲಿ ಸಾಗುತ್ತಿತ್ತು.

"ಓಡುವ ಆಟದಲ್ಲಿ ನಿಲ್ಲುವ ಕೆಲಸ ಯಾಕೆ ಹಿಡಿದೆ ಮಾರಾಯ?" ಎಂದು ಒಮ್ಮೆ ಕಾರಿನಲ್ಲಿ ಕೇಳಿದೆ.

"ಓಡಲಿಕ್ಕೆ ಸೋಮಾರಿ ನಾನು, ಹರಬೊಜಿ. ಮೇಷ್ಟ್ರು ಬೈದು ಗೋಲಿನೊಳಗೆ ನಿಲ್ಲಿಸಿದ್ರು. ಖಲಾಸ್, ಅಲ್ಲೇ ಉಳಿದೆ."

ಉಳಿದದ್ದು ಗೋಲಿನಲ್ಲಲ್ಲ, ಬೆಂಚಿನ ಮೇಲೆ. ತನ್ನ ದೇಶದಲ್ಲಿ ಅವನು ಸದಾ ಎರಡನೆಯ ಗೋಲ್‌ಕೀಪರ್. ಕಡ್ಡಾಯ ಸೈನ್ಯಸೇವೆಯ ಕಾಲದಲ್ಲಿ ಸೈನಿಕರ ತಂಡಕ್ಕೆ ಸೇರಿದಾಗಲೂ ಅದೇ ಸ್ಥಾನ. ಅವನ ತಂದೆ ಮೀನು ಮಾರುಕಟ್ಟೆಯ ಕೆಲಸ ಬಿಟ್ಟು ದೂರದೂರದ ಮೈದಾನಗಳಿಗೆ ಹೋಗಿ, ಕುಳಿತ ಮಗನ ಬೆನ್ನನ್ನು ನೋಡಿ ಹಿಂದಿರುಗುತ್ತಿದ್ದರಂತೆ. ಮೊದಲನೆಯ ಕೀಪರನಾಗಿ ಅವನು ನಿಂತದ್ದು ಇಲ್ಲಿ, ಕತಾರಿನಲ್ಲಿ. ಇಲ್ಲಾದರೋ ಪರದೇಶದ ಆಟಗಾರರಿಗೆ ಇರುವ ಜಾಗಗಳು ಕೆಲವೇ. ಅವನ್ನು ಗೋಲು ಹೊಡೆಯುವವರಿಗೆ ಕೊಡುವುದೇ ವಾಡಿಕೆ. ಪ್ರತಿ ವರ್ಷದ ಕೊನೆಗೂ ಅವನ ಅನ್ನ ತೂಗುಯ್ಯಾಲೆಯಲ್ಲಿರುತ್ತಿತ್ತು.

ಈ ಸಲ ತಂದೆ ದೋಹಾಕ್ಕೆ ಬರುವವರಿದ್ದರು. ಮಗ ಗೋಲು ಕಾಯುವುದನ್ನು ಆ ಹಿರಿಯರು ಮೊದಲ ಬಾರಿಗೆ ನೋಡುವವರಿದ್ದರು. ಕೆಲವು ವಾರಗಳಿಂದ ಕಾರಿನಲ್ಲಿ ಬೇರೆ ಮಾತೇ ಇರಲಿಲ್ಲ.

ನಾನು ಹಳೆಯ ಕಟ್ಟಳೆಯವನು. ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದೇ ನಂಬಿ ಪಡೆಯುವ ಪರಮಪ್ರಸಾದದ ರೊಟ್ಟಿಯನ್ನು ನಾಲಿಗೆಯ ಮೇಲೆ ಸ್ವೀಕರಿಸುವುದೇ ಯುಕ್ತವೆಂದು ಎಳವೆಯಲ್ಲಿ ಗುರುಗಳು ಕಲಿಸಿದ್ದರು, ಅದನ್ನು ಮೀರಿದವನಲ್ಲ. ಅವನೋ ಎಡ ಅಂಗೈಯನ್ನು ಬಲ ಅಂಗೈಯ ಮೇಲಿಟ್ಟು, ಎದೆಯ ಮಟ್ಟಕ್ಕೆ ಎತ್ತಿ, ತಲೆಬಾಗಿ ಸ್ವೀಕರಿಸುತ್ತಿದ್ದ. ಅದೂ ವಿಧಿಗೆ ಒಪ್ಪಿದ್ದೇ. ಆದರೂ, "ಆ ಕೈಗಳು ಚೆಂಡು ಹಿಡಿಯಲಿಕ್ಕೆ, ದೇವರನ್ನಲ್ಲ" ಎಂದು ನಾನು ಛೇಡಿಸುತ್ತಿದ್ದೆ. "ಚೆಂಡಿಗಿಂತ ಜೋಪಾನವಾಗಿ ಹಿಡೀತೇನೆ" ಎಂದು ಅವನು ನಗುತ್ತಿದ್ದ.

ಒಂದು ಶುಕ್ರವಾರ ಅವನು ಕೈ ಎತ್ತದೆ ಬಾಯಿ ತೆರೆದ. ಹಿಂದೆ ನಿಂತಿದ್ದ ನನಗೆ ಹೃದಯ ತುಂಬಿಬಂತು. ಹೊರಗೆ, ಈ ದೇಶದ ಕಟ್ಟಳೆಯಂತೆ ಗೋಪುರವಾಗಲಿ ಶಿಲುಬೆಯಾಗಲಿ ಕಾಣದ ಆ ಇಗರ್ಜಿಯ ಗೋಡೆಗಳ ಬದಿಯಲ್ಲಿ ಕಾರಿನತ್ತ ನಡೆಯುತ್ತಾ ಅವನ ಬೆನ್ನು ತಟ್ಟಿದೆ.

"ಕಡೆಗೂ ಅಜ್ಜನ ಮಾತು ಕೇಳಿದೆ."

ಅವನ ಮುಖ ಬಿಳಿಚಿಕೊಂಡಿತು. ನನ್ನ ಕೈ ತಾಗಿದ್ದು ಎಡಭುಜದ ಹಿಂಬದಿಗೆ.

"ಕೈ ಏಳೋದಿಲ್ಲ, ಹರಬೊಜಿ. ಮಾತ್ರೆ ತಗೊಂಡ್ರೆ ಆಟದ ಹೊತ್ತಿಗೆ ಸ್ವಲ್ಪ ಏಳ್ತದೆ. ಕ್ಲಬ್ಬಿಗೆ ಗೊತ್ತಿಲ್ಲ. ಅಪ್ಪ ನೋಡಿ ಹೋಗಲಿ. ಆಮೇಲೆ ಹೇಳ್ತೇನೆ."

ನಾನು ಭಕ್ತಿಯೆಂದು ಭಾವಿಸಿದ್ದು ನೋವಾಗಿತ್ತು. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಸಮವಸ್ತ್ರದಲ್ಲೇ ಕೆಳಗಿಳಿದು ಹೋಗಿ ಭುಜವನ್ನು ನೋಡಿ ಬಂದಳು.

"ಇನ್ನೊಮ್ಮೆ ಬಿದ್ರೆ ಮುಗೀತು ಪಪ್ಪಾ. ಹೇಳಿದೆ. ಕೇಳುವ ಜನ ಅಲ್ಲ ಅದು. ನಗಾಡ್ತಾ ನನಗೇ ಚಹಾ ಮಾಡ್ಲಿಕ್ಕೆ ಹೊರಟಿದ್ರು ಮಾರಾಯ್ರೆ, ಒಂದೇ ಕೈಯಲ್ಲಿ."

ತಂದೆ ಬಂದ ಸಂಜೆ ಹುಡುಗ ನಮ್ಮನ್ನೂ ಊಟಕ್ಕೆ ಕರೆದ. ಹಿರಿಯರು ಏನನ್ನಿತ್ತರೂ ಎರಡೂ ಕೈಗಳಿಂದ ಸ್ವೀಕರಿಸುವುದು ಕೊರಿಯಾದವರಲ್ಲಿ ಉಸಿರಾಟದಷ್ಟೇ ಸಹಜ. ನನ್ನಿಂದ ನೀರಿನ ಬಾಟಲಿಯನ್ನೂ ಅವನು ಹಾಗೆಯೇ ತೆಗೆದುಕೊಳ್ಳುತ್ತಿದ್ದವನು. ತಂದೆ ಬಾರ್ಲಿಯ ಚಹಾ ಸುರಿಯಲೆಂದು ಪಾತ್ರೆ ಎತ್ತಿದರು. ಮಗ ಬಲಗೈಯೊಂದರಿಂದ ಲೋಟ ಚಾಚಿದ. ಪಾತ್ರೆ ಗಾಳಿಯಲ್ಲಿ ಅರೆಕ್ಷಣ ನಿಂತಿತು. ಆಮೇಲೆ ಮುದುಕರು ಲೋಟ ತುಂಬುವವರೆಗೂ ಸುರಿದರು.

ಎರಡು ದಿನಗಳ ಬಳಿಕ ಮೈದಾನದಲ್ಲಿ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಮೊದಲರ್ಧದಲ್ಲಿ ಹುಡುಗ ಬಲಕ್ಕೆ ಜಿಗಿದು, ಒಳಗೇ ಹೋಯಿತೆಂದು ನಾವಂದುಕೊಂಡ ಒಂದು ಚೆಂಡನ್ನು ಬೆರಳ ತುದಿಯಿಂದ ಹೊರಗಟ್ಟಿದ. ತಂದೆ ಎದ್ದು ನಿಂತರು. ಚಪ್ಪಾಳೆ ತಟ್ಟಲಿಲ್ಲ, ಎರಡು ಕೈಗಳನ್ನೂ ಪಕ್ಕಕ್ಕೆ ಇಳಿಬಿಟ್ಟು, ಗುಡಿಯೊಳಗೆ ನಿಂತಂತೆ ನಿಂತರು. ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಚೆಂಡು ಎಡಬದಿಯ ಮೇಲ್ಮೂಲೆಗೆ ಬಂತು. ಅವನು ಜಿಗಿದ. ದೇಹ ಹೋಯಿತು, ಕೈ ಹೋಗಲಿಲ್ಲ. ಬಿದ್ದವನು ಏಳಲಿಲ್ಲ.

ಸ್ಟ್ರೆಚರ್ ಹೊರಗೆ ಹೋದ ಮೇಲೆ ತಂದೆ ತಮ್ಮ ಫೋನಿಗೆ ಏನನ್ನೋ ಹೇಳಿ, ಅದನ್ನು ನನ್ನತ್ತ ಹಿಡಿದರು. ಫೋನು ಭಾವವಿಲ್ಲದ ದನಿಯಲ್ಲಿ ಅನುವಾದಿಸಿತು: "ಚಹಾ ತಗೊಂಡಾಗಲೇ ನನಗೆ ತಿಳಿಯಿತು."

"ತಡೆಯಬಹುದಿತ್ತಲ್ಲ?" ಎಂದೆ.

ಅವರು ಮತ್ತೆ ಫೋನನ್ನು ತುಟಿಯ ಬಳಿ ತಂದರು. "ನಾನು ನೋಡಲಿ ಅಂತ ಇಷ್ಟು ವರ್ಷ ಕಾದವನು. ಬೇಡ ಅನ್ನುವುದು ಹೇಗೆ?"

ಕ್ಲಬ್ಬು ಕರಾರನ್ನು ಮುಂದುವರಿಸಲಿಲ್ಲ. ವೈದ್ಯರು ಇನ್ನು ಗೋಲು ಕಾಯುವ ಮಾತೇ ಇಲ್ಲವೆಂದರು.

ತಂದೆ ಮಗ ಊರಿಗೆ ಹೊರಡುವ ಮುನ್ನಿನ ಶುಕ್ರವಾರ ಮಗಳು ರಜೆ ಹಾಕಿ ನಮ್ಮನ್ನೆಲ್ಲ ಕರೆದೊಯ್ದಳು. ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು ಅವನು ನನ್ನ ಮುಂದೆ ಸಾಲಿನಲ್ಲಿದ್ದ. ಬಾಯಿ ತೆರೆದು ಪ್ರಸಾದ ಪಡೆದು, ನನ್ನತ್ತ ತಿರುಗಿ, ಈಗಾದರೂ ಸರಿಯೇ ಎಂಬಂತೆ ಸಣ್ಣಗೆ ನಕ್ಕ.

ನನ್ನ ಸರದಿ ಬಂತು. ಗುರುಗಳು ಅಭ್ಯಾಸಬಲದಿಂದ ನನ್ನ ತುಟಿಯತ್ತ ಕೈ ಚಾಚಿದರು. ನಾನು ಎಡ ಅಂಗೈಯನ್ನು ಬಲ ಅಂಗೈಯ ಮೇಲಿಟ್ಟು, ಎದೆಯ ಮಟ್ಟಕ್ಕೆ ಎತ್ತಿದೆ. ಹುಡುಗ ಮಾಡುತ್ತಿದ್ದಂತೆಯೇ ತಲೆಬಾಗಿ, ಚೆಂಡಿಗಿಂತ ಜೋಪಾನವಾಗಿ ಹಿಡಿದೆ.