ಹಾಗಲಕಾಯಿಯ ಲೆಂಟ್

ಮದ್ರಾಸಿನ ಪೆರಂಬೂರಿನಲ್ಲಿ ನಮಗೆ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ, ಸೈರನ್ ಕೂಗಿ. ರೈಲು ಬೋಗಿ ಮಾಡುವ ಕಾರ್ಖಾನೆಯ ಸೈರನ್. ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಗುರ್ರೆನ್ನುತ್ತಿತ್ತು. ಆಮೇಲೆ ಏರಿ ಏರಿ ಇಡೀ ಕ್ವಾರ್ಟರ್ಸ್ ಮೇಲೆ ಹರಡಿಕೊಳ್ಳುತ್ತಿತ್ತು. ಶೆಲ್ಫಿನಲ್ಲಿದ್ದ ಸ್ಟೀಲ್ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ನನ್ನ ಗಂಡ ಟಿಫಿನ್ ಕ್ಯಾರಿಯರನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಈ ವಯಸ್ಸಿನಲ್ಲೂ ಎಲ್ಲಾದರೂ ಸೈರನ್ ಕೇಳಿದರೆ ಸಾಕು, ನನ್ನ ಎದೆಯಲ್ಲಿ ಚಿಕ್ಕ ಹುಡುಗಿಯ ಎಕ್ಸೈಟ್‌ಮೆಂಟ್ ಏಳುತ್ತದೆ. ಅದಕ್ಕೆ ಕಾರಣ ತೊಂಬತ್ತರ ದಶಕದ ಕೊನೆಯ ಒಂದು ಲೆಂಟ್, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ಕಾಲ. ಆ ವರ್ಷ ನಮ್ಮ ಮನೆಯಲ್ಲಿ ಸೈರನ್ ಅಂದರೆ ಕತೆಯ ಹೊತ್ತು.

ಮೊದಲು ಅತ್ತೆಯ ವಿಷಯ ಹೇಳಬೇಕು. ಅವರು ಕರ್ತನ ಭೋಜನ ತೆಗೆದುಕೊಳ್ಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಆರಾಧನೆಯ ಕೊನೆಗೆ ಸಭೆಯವರೆಲ್ಲ ಎದ್ದು ಮುಂದೆ ಹೋಗಿ, ಮೊಣಕಾಲೂರಿ, ರೊಟ್ಟಿಯ ಚೂರನ್ನೂ ಒಂದು ಗುಟುಕು ದ್ರಾಕ್ಷಾರಸವನ್ನೂ ಸ್ವೀಕರಿಸುತ್ತೇವೆ. ಅದಕ್ಕಿಂತ ದೊಡ್ಡದು ನಮಗೆ ಇನ್ನೊಂದಿಲ್ಲ. ತಮಿಳು ಸಭೆಯವರು ಮಧ್ಯಾಹ್ನದ ಹೊತ್ತು ತಮ್ಮ ಗುಡಿಯನ್ನು, ಅಂದರೆ ಚರ್ಚನ್ನು, ಕನ್ನಡದವರಿಗೆ ಬಿಟ್ಟುಕೊಡುತ್ತಿದ್ದರು. ನಾವು ಒಂದು ಹಿಡಿ ಜನ. ಎಲ್ಲರೂ ಎದ್ದರೆ ಬೆಂಚಿನಲ್ಲಿ ಉಳಿಯುತ್ತಿದ್ದುದು ಅತ್ತೆ ಒಬ್ಬರೇ. ತಲೆಯ ಮೇಲೆ ಬಿಳಿ ಸೆರಗು, ಬಿಗಿದ ತುಟಿ. ಹಾಡುತ್ತಲೂ ಇರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಧೈರ್ಯ ಮಾಡಿ ಕೇಳಿದ್ದೆ.

"ಒಬ್ಬರ ಮೇಲೆ ಕಹಿ ಇಟ್ಕೊಂಡು ಆ ರೊಟ್ಟಿಗೆ ಕೈ ಚಾಚಬಾರ್ದು ಕಣಮ್ಮ," ಎಂದರು.

"ಕಹಿ ಬಿಟ್ಬಿಡಿ, ಅತ್ತೆ."

"ಬಿಚ್ಚಿಹಾಕೋಕೆ ಅದೇನು ಸೀರೆಯೇ?"

ಆ ಒಬ್ಬರು ಅಂದರೆ ಅವರ ಸ್ವಂತ ತಂಗಿ. ಇಬ್ಬರೂ ಕೋಲಾರದ ಗಣಿ ಊರಿನಲ್ಲಿ ಬೆಳೆದವರು. ಅವರ ತಂದೆ ಸಭೆಯ ಉಪದೇಶಿ. ಮನೆಯಲ್ಲಿ ಒಂದು ಹಾರ್ಮೋನಿಯಂ ಪೆಟ್ಟಿಗೆ ಇತ್ತು. ಭಾನುವಾರ ಅದನ್ನು ನುಡಿಸಿ ಸಭೆಗೆ ಹಾಡಿಸುತ್ತಿದ್ದವರು ಅತ್ತೆ. ತಂಗಿ ಸಿನಿಮಾ ಸ್ಟುಡಿಯೋದಲ್ಲಿ ಲೈಟು ಹಿಡಿಯುವವನನ್ನು ಮದುವೆಯಾಗಿ ಮದ್ರಾಸಿಗೆ ಹೊರಟಾಗ ಹಾರ್ಮೋನಿಯಂ ಕೂಡ ಅವಳ ಜೊತೆ ಹೋಯಿತು. ಅವಳು ವಡಪಳನಿಯಲ್ಲಿ ಮನೆ ಮಾಡಿ ಸಿನಿಮಾ ಹಾಡುಗಳಿಗೆ ಕೋರಸ್ ಹಾಡುವವಳಾದಳು. ಆಮೇಲೆ ಅತ್ತೆಯೂ ಗಂಡನ ಕೆಲಸದ ಹಿಂದೆ ಅದೇ ಮದ್ರಾಸಿಗೆ ಬಂದರು. ಒಂದೇ ಊರು, ಎರಡು ಬಸ್ಸಿನ ದಾರಿ. ಅಷ್ಟು ವರ್ಷ ಒಬ್ಬರ ಮನೆಗೆ ಒಬ್ಬರು ಕಾಲಿಟ್ಟಿರಲಿಲ್ಲ. "ಪೆಟ್ಟಿಗೆ ಅಲ್ಲ ಅವಳು ತಗೊಂಡು ಹೋಗಿದ್ದು, ನನ್ನ ಗಂಟಲು," ಎನ್ನುತ್ತಿದ್ದರು ಅತ್ತೆ. ಅಕ್ಕಿ ಆರಿಸುವಾಗ, ಕೂದಲು ಬಾಚಿಕೊಳ್ಳುವಾಗ, ಕಾರಣವೇ ಇಲ್ಲದೆ ಎನ್ನುತ್ತಿದ್ದರು.

ಆ ವರ್ಷ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಸಂಜೆ ನನ್ನ ಕೈ ಹಿಡಿದುಕೊಂಡು, "ಸಾಯೋದ್ರೊಳಗೆ ಒಂದ್ಸಲ ಆ ರೊಟ್ಟಿ ತಿನ್ಬೇಕು ಕಣಮ್ಮ. ಆದ್ರೆ ಸುಳ್ಳು ಹೇಳ್ಕೊಂಡು ತಿನ್ನಲ್ಲ," ಎಂದರು.

ಲೆಂಟ್ ಹತ್ತಿರ ಬಂತು. ನಮ್ಮ ಬೀದಿಯ ಕ್ರೈಸ್ತರ ಮನೆಗಳಲ್ಲಿ ಪ್ರತಿವರ್ಷದ ಹಾಗೆ ಯಾರು ಏನು ಬಿಡುತ್ತಾರೆ ಎನ್ನುವ ಮಾತು. ನನ್ನ ಗಂಡ ಮೀನು ಬಿಟ್ಟರು. ಎಂಟನೇ ಕ್ಲಾಸಿನ ಮಗಳು ಚಾಕೊಲೇಟ್ ಬಿಟ್ಟಳು.

"ನೀವೇನು ಬಿಡ್ತೀರಿ, ಅತ್ತೆ?"

"ಮಾಂಸ ಹಲ್ಲು ಬಿದ್ದಾಗಲೇ ಬಿಟ್ಟಾಯ್ತು. ಸಕ್ಕರೆ ಡಾಕ್ಟರು ಬಿಡಿಸಿದ್ರು. ದೇವರಿಗೆ ಅಂತ ಬಿಡೋಕೆ ನನ್ಹತ್ರ ಏನುಳಿದಿದೆ?"

"ಒಂದು ಥಾಟ್ ಬಿಡಿ," ಎಂದುಬಿಟ್ಟೆ. "ಪೆಟ್ಟಿಗೆಯ ಥಾಟ್."

ಇದು ನನ್ನ ಸ್ವಂತ ಬುದ್ಧಿಯಲ್ಲ. ಮೈಸೂರಿನಲ್ಲಿ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿದ್ದಾಗ ನಮಗೊಬ್ಬ ಐರಿಷ್ ಸಿಸ್ಟರ್ ಇದ್ದರು. ತುಂಬ ಸ್ಟ್ರಿಕ್ಟು, ಆದರೆ ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್. ಕೆಟ್ಟ ಯೋಚನೆಯನ್ನು ಓಡಿಸಲು ಹೋಗಬೇಡಿ ಗರ್ಲ್ಸ್, ಅದು ಬೆಕ್ಕಿದ್ದ ಹಾಗೆ, ಹಿಂಬಾಗಿಲಿಂದ ಬರುತ್ತದೆ. ಅದು ಕೂರುವ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ಎನ್ನುತ್ತಿದ್ದರು. ಹೃದಯ ದೇವರು ಕೊಟ್ಟದ್ದು ನಿಜ, ಆದರೆ ಅದರಲ್ಲಿ ದಿನಾ ಯಾರು ಕೂರುತ್ತಾರೋ ಅವರ ಆಕಾರಕ್ಕೇ ಅದು ತಗ್ಗುತ್ತದೆ, ಹಳೆಯ ಸೋಫಾದ ಹಾಗೆ. ಆಗ ನಾವು ಮುಸಿಮುಸಿ ನಕ್ಕಿದ್ದೆವು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಯೋಚಿಸಿ, "ಕೂರಿಸೋಕೆ ಅವಳದ್ದು ಒಳ್ಳೇದು ಒಂದಾದ್ರೂ ಇರ್ಬೇಕಲ್ಲ," ಎಂದರು. "ಸರಿ. ಬೆಳಿಗ್ಗೆ ಸೈರನ್ ಆದಾಗ ಒಂದು ಹುಡುಕ್ತೀನಿ."

ಮೊದಲ ದಿನ ಸೈರನ್ ಕೂಗಿತು, ನಿಂತಿತು. ಅತ್ತೆ ಕಾಫಿ ಲೋಟ ಹಿಡಿದು ಗೋಡೆ ನೋಡುತ್ತಾ ಕೂತರು. ಏನೂ ಸಿಗಲಿಲ್ಲ. ಮರುದಿನವೂ ಇಲ್ಲ. "ನೋಡಿದ್ಯಾ? ಖಾಲಿ!" ಎಂದು ನನ್ನ ಮೇಲೇ ರೇಗಿದರು.

ಅದರ ಮರುದಿನ ಸೈರನ್ ಇನ್ನೂ ಇಳಿಯುತ್ತಿತ್ತು, ಅತ್ತೆ ಜೋರಾಗಿ, "ಹಾಗಲಕಾಯಿ!" ಎಂದರು.

ನಾನು ಒಲೆ ಬಿಟ್ಟು ಓಡಿಬಂದೆ. ಅವರ ತಂದೆಯ ಮನೆಯಲ್ಲಿ ತಟ್ಟೆಯಲ್ಲಿ ಏನು ಬಿಟ್ಟರೂ ಬೆತ್ತದ ಏಟು. ಅತ್ತೆಗೆ ಹಾಗಲಕಾಯಿ ಗಂಟಲಿಗಿಳಿಯುತ್ತಿರಲಿಲ್ಲ. ಅಪ್ಪ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವಾಗ ತಂಗಿ ಪಕ್ಕದಿಂದ ಕೈ ಹಾಕಿ ಅಕ್ಕನ ಪಾಲನ್ನೂ ತಿಂದುಬಿಡುತ್ತಿದ್ದಳಂತೆ. "ಅಷ್ಟು ಪುಟ್ಟ ಬಾಯಿ, ಅಷ್ಟು ಕಹಿ," ಎಂದರು ಅತ್ತೆ.

ಆಮೇಲೆ ನಲ್ಲಿ ಬಿಟ್ಟ ಹಾಗಾಯಿತು! ಅಕ್ಕ ಒಡೆದ ಲಾಂದ್ರದ ಗಾಜನ್ನು ತಾನೇ ಒಡೆದೆ ಎಂದು ತಂಗಿ ಒಪ್ಪಿಕೊಂಡದ್ದು. ಅಕ್ಕನಿಗೆ ಟೈಫಾಯ್ಡ್ ಆಗಿ ಒಬ್ಬಳನ್ನೇ ಕೋಣೆಯಲ್ಲಿ ಇಟ್ಟಾಗ ಕಿಟಕಿಯ ಹೊರಗೆ ನಿಂತು ಸಂಜೆಯೆಲ್ಲ ಹಾಡಿದ್ದು. ಮಗಳು ಜಡೆಯ ರಿಬ್ಬನ್ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದಳು. "ಪಾಟಿ, ಇನ್ನಿಕ್ಕಿ ಎನ್ನ?" ಎಂದು ತಮಿಳಿನಲ್ಲೇ ವಿಚಾರಣೆ; ಅಜ್ಜಿ, ಇವತ್ತೇನು ಅಂತ. ಅತ್ತೆ ಕನ್ನಡದಲ್ಲಿ ಹೇಳುತ್ತಿದ್ದರು, ಅವಳು ತಮಿಳಿನಲ್ಲಿ ನಗುತ್ತಿದ್ದಳು. ನನ್ನ ಗಂಡನೂ ಸೈಕಲ್ ಹಿಡಿದು ಬಾಗಿಲಲ್ಲೇ ನಿಂತು ಕೇಳಿ ಡ್ಯೂಟಿಗೆ ಲೇಟಾಗುತ್ತಿದ್ದರು.

ಪೆಟ್ಟಿಗೆಯ ಮಾತು ಪೂರ್ತಿ ನಿಂತಿತು ಎನ್ನಲಾರೆ. ಒಂದು ಮಧ್ಯಾಹ್ನ ರೇಡಿಯೋದಲ್ಲಿ ಹಾರ್ಮೋನಿಯಂ ಕೇಳಿ ಮುಖ ಗಂಟಿಕ್ಕಿಕೊಂಡರು. ತಕ್ಷಣ ತಾವೇ, "ಹಾಗಲಕಾಯಿ, ಹಾಗಲಕಾಯಿ," ಎಂದು ಗೊಣಗಿಕೊಂಡರು. ಮಂತ್ರದ ಹಾಗೆ! ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಹುಬ್ಬಿನ ನಡುವಿನ ಗೆರೆ ಸಡಿಲವಾಗಿತ್ತು, ಅದನ್ನು ನಾನು ನೋಡಿದೆ. ಅಕ್ಕಿ ಆರಿಸುವಾಗ ಸಣ್ಣಗೆ ರಾಗ ಬರುತ್ತಿತ್ತು.

ಈಸ್ಟರಿಗೆ ಒಂದು ವಾರ ಇರುವಾಗ ಅವರೇ, "ವಡಪಳನಿಗೆ ಕರ್ಕೊಂಡು ಹೋಗು," ಎಂದರು.

ಐ ವಾಸ್ ಥ್ರಿಲ್ಡ್! ಬಸ್ಸಿನಲ್ಲಿ ಕೂತರೂ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಮುರುಗನ್ ದೇವಸ್ಥಾನದ ಹೂವಿನ ಅಂಗಡಿಗಳನ್ನು ದಾಟಿ ಕೇಳಿಕೊಂಡು ಹೋದೆವು. ಎದುರಿಗೆ ಸ್ಟುಡಿಯೋದ ಆಳುಗಳು ಬಣ್ಣ ಬಳಿದ ಅರಮನೆ ಗೋಡೆಯನ್ನು ಹೊತ್ತು ತರುತ್ತಿದ್ದರು. ಅರಮನೆ ಹೋಗಲಿ ಎಂದು ಅತ್ತೆಯೂ ನಾನೂ ಗೋಡೆಗೆ ಒರಗಿ ನಿಂತೆವು.

ಬಾಗಿಲು ತೆರೆದವರನ್ನು ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅದೇ ಮೂಗು, ಆದರೆ ಅದರಲ್ಲಿ ಮೂಗುತಿ. ನೆರೆತ ತಲೆಯಲ್ಲಿ ಮಲ್ಲಿಗೆ. ಚಿಕ್ಕತ್ತೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು.

"ಪೆಟ್ಟಿಗೆ ಕೇಳೋಕೆ ಬಂದ್ಯಾ?"

ನನ್ನ ತೋಳು ಹಿಡಿದಿದ್ದ ಅತ್ತೆಯ ಬೆರಳುಗಳು ಬಿಗಿದವು. ಹುಬ್ಬಿನ ನಡುವೆ ಆ ಗೆರೆ ಮತ್ತೆ ಬಂತು. ಮುಗೀತು, ಹಳೆಯ ಬೆಕ್ಕು ಕುರ್ಚಿ ಹತ್ತಿತು ಅಂದುಕೊಂಡೆ. ಅತ್ತೆ ಉಸಿರೆಳೆದುಕೊಂಡರು.

"ಪೆಟ್ಟಿಗೆ ನೀನೇ ಇಟ್ಕೋ. ನಾನು ಹಾಗಲಕಾಯಿ ವಿಷ್ಯ ಮಾತಾಡೋಕೆ ಬಂದೆ."

"ಎಂಥಾ ಹಾಗಲಕಾಯಿ?"

ಅತ್ತೆ ಹೊಸ್ತಿಲಲ್ಲೇ ನಿಂತು ಕತೆ ಹೇಳಿದರು. ಅಪ್ಪನ ಪ್ರಾರ್ಥನೆ, ಪುಟ್ಟ ಕೈ, ಖಾಲಿಯಾದ ತಟ್ಟೆ. ಚಿಕ್ಕತ್ತೆ ಕೇಳಿದರು. ಅವರ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು.

"ಅಯ್ಯೋ ಲೂಸು ಅಕ್ಕಾ! ನಂಗೆ ಹಾಗಲಕಾಯಿ ಅಂದ್ರೆ ಪ್ರಾಣ! ನಿನಗೋಸ್ಕರ ಯಾರು ತಿಂದ್ರು? ಕದ್ದು ತಿಂದೆ!"

ಅತ್ತೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ಲೆಂಟ್ ಪೂರ್ತಿ ನಾನು ಸುಳ್ಳನ್ನೇ ಧ್ಯಾನ ಮಾಡಿದ್ನೇನೇ?"

"ಏಟು ತಪ್ತಲ್ಲ ನಿನಗೆ? ಮತ್ತೇನು ಬೇಕು?" ಎಂದರು ಚಿಕ್ಕತ್ತೆ. ಮೊದಲು ನಕ್ಕವರು ಯಾರೋ ನನಗೆ ನೆನಪಿಲ್ಲ. ಹಲ್ಲಿಲ್ಲದ ಬಾಯಿ, ವೀಳ್ಯದ ಬಾಯಿ, ಎರಡರಿಂದಲೂ ಒಂದೇ ನಗು ಬಂತು. ಚಿಕ್ಕತ್ತೆ ಸೆರಗಿನಿಂದ ಕಣ್ಣೊರಸಿಕೊಂಡು, "ನೀನು ಬಂದ್ರೆ ಏನು ಬೈಬೇಕು ಅಂತ ದಿನಾ ಸ್ಟುಡಿಯೋ ಬಸ್ಸಿನಲ್ಲಿ ರಿಹರ್ಸಲ್ ಮಾಡ್ತಿದ್ದೆ. ಈಗ ಒಂದು ಡೈಲಾಗೂ ಬರ್ತಿಲ್ಲ ನೋಡು," ಎಂದರು.

ಹಾರ್ಮೋನಿಯಂ ಒಳಗೇ ಇತ್ತು. ತಿದಿಯನ್ನು ಇಲಿ ತಿಂದು ಎಷ್ಟೋ ಕಾಲವಾಗಿತ್ತು. ಅದರ ಮೇಲೆ ಟೀವಿ ಕೂತಿತ್ತು. ಅತ್ತೆ ಅದನ್ನು ನೋಡಿದರು, ಒಂದು ಸಲ ಬೆರಳಿಂದ ಮುಟ್ಟಿದರು, ಕಾಫಿ ಕೇಳಿದರು.

ಈಸ್ಟರ್ ಮಧ್ಯಾಹ್ನ ಚಿಕ್ಕತ್ತೆ ಮಲ್ಲಿಗೆ ಮುಡಿದುಕೊಂಡೇ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಹಾಡು ಶುರುವಾಯಿತು. ನನ್ನ ಪಕ್ಕದಿಂದ ಒಂದು ತುಕ್ಕು ಹಿಡಿದ ದನಿ ಎದ್ದಿತು. ಅತ್ತೆ ಹಾಡುವುದನ್ನು ನಾನು ಆವರೆಗೆ ಕೇಳಿರಲಿಲ್ಲ. ಮರುಚರಣಕ್ಕೆ ಹಿಂದಿನಿಂದ ಸೆಕೆಂಡ್ ವಾಯ್ಸ್ ಬಂದು ಕೈ ಹಿಡಿದ ಹಾಗೆ ಕೂಡಿಕೊಂಡಿತು. ಪಾದ್ರಿ ಅಯ್ಯನವರೇ ಪುಸ್ತಕದಿಂದ ತಲೆಯೆತ್ತಿ ನೋಡಿದರು! ಎಲ್ಲರೂ ಏಳುವ ಹೊತ್ತಿಗೆ ಅತ್ತೆಯೂ ಎದ್ದರು. ಮುಂದೆ ಹೋಗಿ, ನನ್ನ ಭುಜ ಹಿಡಿದು ನಿಧಾನವಾಗಿ ಮೊಣಕಾಲೂರಿ, ಎರಡೂ ಅಂಗೈ ಚಾಚಿದರು. ರೊಟ್ಟಿಯ ಚೂರು ಬೀಳದಿರಲಿ ಎಂದು ನಾನು ಉಸಿರು ಹಿಡಿದಿದ್ದೆ. ಬೀಳಲಿಲ್ಲ.

ಆಮೇಲೆ ದೇವರು ಅವರಿಗೆ ಇನ್ನೂ ಕೆಲವು ವರ್ಷ ಕೊಟ್ಟ. ತಿಂಗಳು ತಿಂಗಳೂ ಅವರು ಎದ್ದು ಹೋದರು, ಸಭೆ ಬಿಟ್ಟು ಎಷ್ಟೋ ಕಾಲವಾಗಿದ್ದ ಚಿಕ್ಕತ್ತೆ ಹಿಂದೆ ಕೂತು ಅವರ ಕೋಲು ಕಾದರು. ಎರಡು ಸಾವಿರದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಅತ್ತೆ ಹೋದರು. ಅದರ ಮುಂದಿನ ಭೋಜನದ ಭಾನುವಾರ ಚಿಕ್ಕತ್ತೆ ಒಬ್ಬರೇ ಬಂದು ಅಕ್ಕನ ಜಾಗದಲ್ಲಿ ಕೂತರು. ನೀವೂ ಬನ್ನಿ ಎಂದು ಕರೆದೆ. "ನೀ ಹೋಗಿ ಬಾರಮ್ಮಾ, ನಾನು ನಿನ್ನ ಚಪ್ಪಲಿ ನೋಡ್ಕೋತೀನಿ," ಎಂದರು. ಮುಂದಿನ ವಾರ ತಮ್ಮ ಮಗಳ ಜೊತೆ ಇರಲು ಕೊಯಮತ್ತೂರಿಗೆ ಹೊರಡುವವರಿದ್ದರು.

ಆರಾಧನೆ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನನ್ನ ಕೈಗೆ ತುರುಕಿದರು. ಮುಟ್ಟಿದೊಡನೆ ಆ ಗಂಟುಗಂಟು ಮೈಯಿಂದಲೇ ಗೊತ್ತಾಯಿತು. ಬಸ್ಸು ಹೊರಟಿತು. ಅವರು ಕಿಟಕಿಯಿಂದ ಅರ್ಧ ಹೊರಗೆ ಬಂದು, ಇಡೀ ಪೆರಂಬೂರಿಗೆ ಕೇಳುವ ಹಾಗೆ ಕೂಗಿದರು:

"ಬೆಲ್ಲ ಹಾಕ್ಬೇಡ, ಗೊತ್ತಾಯ್ತಾ!"

ಬಸ್ಸು ಸೇತುವೆಯ ಕಡೆ ತಿರುಗುವವರೆಗೆ ಆ ಮಲ್ಲಿಗೆ ಕಾಣುತ್ತಿತ್ತು. ಮತ್ತೆ ಅವರನ್ನು ನಾನು ನೋಡಲಿಲ್ಲ.