ಅಂದಾನಯ್ಯನವರ ದೋಣಿಗೆ ಮರ ಸಿಕ್ಕಿದ್ದು

ಶೀಳನೆರೆ ಕಡೆಯ ನಮ್ಮೂರಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಅಂದಾನಯ್ಯನವರಿಗೆ ಹತ್ತು ವರ್ಷದಿಂದ ಕೆಲಸವಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಬೈಯಲು ಅವರಿಗೆ ಬಲು ಇಷ್ಟವಾದವರು ಹೆಂಡತಿ ಜಯಲಕ್ಷ್ಮಮ್ಮನ ಅಪ್ಪ. ಮದುವೆಗೆ ಜೋಡಿ ಎತ್ತು ಕೊಡುತ್ತೇನೆಂದ ಆ ಮಾವ ಕೊನೆಗೆ ಕಳಿಸಿದ್ದು ಒಂದು ಗಾಡಿ ಹಲಸಿನ ಹಲಗೆ. "ಸೌದೆಗೂ ಆಗಾಕಿಲ್ಲ" ಎಂದು ಅಟ್ಟಕ್ಕೆ ಹಾಕಿದವರು ಮೂವತ್ತು ವರ್ಷ ಅತ್ತ ತಿರುಗಿ ನೋಡಲಿಲ್ಲ.

ಹೋದ ವರ್ಷ, ಕೆರೆಯಲ್ಲಿ ಮೀನು ಸಾಕುವ ದಿಲೀಪ ಬಂದು ಒಂದು ಸಣ್ಣ ದೋಣಿ ಮಾಡಿಕೊಡಿ ಎಂದ. ಮುದುಕರ ಮುಖ ಅರಳಿತು. ಆದರೆ ದೋಣಿ ಸೋರಿದರೆ ಇಷ್ಟು ವರ್ಷದ ಹೆಸರೆಲ್ಲ ಹಾಳು. ಜಾಲಿ ಗಟ್ಟಿ, ಆದರೆ ಭಾರ. ಮಾವು ಬೇಗ ಕೊಳೆಯುತ್ತದೆ, ನೀಲಗಿರಿ ಸೀಳು ಬಿಡುತ್ತದೆ. ಆದರೂ ಊರವರು ತಂದ ಮರದಿಂದೆಲ್ಲ ಗೇಣುದ್ದದ ತುಂಡು ಕೊಯ್ದು, ಮೊಳೆಯಲ್ಲಿ ನಂಬರು ಗೀಚಿ, ದನದ ತೊಟ್ಟಿಯಲ್ಲಿ ವಾರ ನೆನೆಹಾಕಿದರು. ಯಾವುದು ಎಷ್ಟು ನೀರು ಕುಡಿಯಿತೆಂದು ತಿಳಿಯಲು ಮೊದಲೂ ಆಮೇಲೂ ತೂಗಿದ್ದು ಎಲ್ಲಿ? ನಾನು ಸೆಕ್ರೆಟರಿಯಾಗಿರುವ ಡೈರಿಯಲ್ಲಿ, ಹಾಲು ತೂಗುವ ಮಿಷನ್ನಿನ ಮೇಲೆ! ನನಗೆ ಮೈಯೆಲ್ಲ ಉರಿಯಿತು.

ಮೊದಲ ದಿನವೇ ಜಯಲಕ್ಷ್ಮಮ್ಮ ಸೆರಗಿನಡಿ ಒಂದು ತುಂಡು ತಂದರು. "ಇದ್ನೂ ತೂಗಪ್ಪ. ಯಜಮಾನ್ರಿಗೆ ಏಳ್ಬ್ಯಾಡ." ನಾನೂ ಕಮ್ಮಿಯವನಲ್ಲ. ತೂಗಿ, ಆರನೇ ನಂಬರು ಗೀಚಿ, ಯಾರೂ ಇಲ್ಲದಾಗ ತೊಟ್ಟಿಗೆ ಹಾಕಿ ಬಂದೆ.

ವಾರದ ಮೇಲೆ, ಬೆಳಗ್ಗೆ ಹಾಲು ಹಾಕಲು ಬಂದವರ ಎದುರಿಗೇ ಮತ್ತೆ ತೂಗಿದೆವು. ಆರನೆಯದು ನೀರು ಕುಡಿದಂತೆಯೇ ಇರಲಿಲ್ಲ. ಅಂದಾನಯ್ಯ ಅದನ್ನು ತಟ್ಟಿದರು, ಮೂಸಿದರು, ನನ್ನ ಕಡೆ ತಿರುಗಿದರು. "ಅಲಸು ಕಣ್ಲಾ ಕುಮಾರ! ಬಂಗಾರದಂತಾ ಮರ. ಯಾವ ಪುಣ್ಯಾತ್ಮ ಕೊಟ್ನಲಾ?"

"ನಮ್ಮಪ್ಪ," ಎಂದರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ.

ಡೈರಿಯೆಲ್ಲ ಗೊಳ್ಳೆಂದಿತು. ಅಂದಾನಯ್ಯ ಸೋಲುವವರೇ? "ಮೂವತ್ತು ವರ್ಸ ಅಟ್ಟದ ಮ್ಯಾಲೆ ಒಣಗ್ಸಿದ್ದು ನಾನಲ್ವಾ? ಅದ್ಕೇ ಇಂಗೈತೆ!"

"ಅಂಗಾದ್ರೆ ಬ್ಯಾರೆ ಮರ ನೋಡ್ಕಳಿ. ನಮ್ಮಪ್ಪನ ಬಗ್ಗೆ ಒಂದು ಒಳ್ಳೆ ಮಾತಾಡೋಗಂಟ ಒಂದು ಅಲ್ಗೇನೂ ಕೆಳಗಿಳಿಯಾಕಿಲ್ಲ."

ಆಕೆ ನಗುತ್ತಿರಲಿಲ್ಲ. ನಕ್ಕಿದ್ದಕ್ಕೆ ನನಗೂ ನಾಚಿಕೆಯಾಯಿತು.

ಅಂದಾನಯ್ಯ ತುಂಡನ್ನು ಎರಡು ಸಲ ತಿರುಗಿಸಿ ನೋಡಿದರು. "ಎತ್ತಿನ ಮಾತು ಬುಡು," ಎಂದರು. "ನಿಮ್ಮಪ್ಪಂಗೆ ಮರ ಗೊತ್ತಿತ್ತು ಕಣಮ್ಮಿ."

ಈ ಮಾತನ್ನು ಅವರು ಯಾವ ಬಡಗಿಯ ಬಗ್ಗೆಯೂ ಆಡಿದ್ದನ್ನು ನಾನು ಕೇಳಿಲ್ಲ. ಜಯಲಕ್ಷ್ಮಮ್ಮ ಹಾಲು ಹಾಕುವುದನ್ನೂ ಮರೆತು, ಕ್ಯಾನು ನನ್ನ ಕೈಗಿಟ್ಟು, ಏಣಿ ತರಲು ಹೊರಟರು.